ವೇಲ್ಸ್ ಎಂಬ ಮಾತು

ಪರಂಗಿಹಣ್ಣನ್ನು ತಿನ್ನದ ಕನ್ನಡಿಗರು ವಿರಳ; ಆ ಹೆಸರನ್ನು ಬಿಡಿಸಿ ನೋಡಿದವರು ಅದಕ್ಕಿಂತಲೂ ವಿರಳ. ಅಮೆರಿಕಾ ಖಂಡದಲ್ಲಿ ಹುಟ್ಟಿದ ಆ ಗಿಡವು ಪೋರ್ಚುಗೀಸರ ಹಡಗುಗಳು ಓಡಾಡತೊಡಗಿದ ಕಾಲದಲ್ಲಿ ನಮ್ಮಲ್ಲಿಗೆ ಬಂದಿತು. ತಂದವರು ಪರಂಗಿಗಳು, ಆದುದರಿಂದ ಹಣ್ಣು ಪರಂಗಿಹಣ್ಣಾಯಿತು. ಪರಂಗಿ ಎಂಬ ಮಾತಾದರೂ ನಮ್ಮದಲ್ಲ. ಗಾಲ್ ದೇಶವನ್ನು ಗೆದ್ದು ಅದಕ್ಕೆ ಫ್ರಾನ್ಸ್ ಎಂಬ ಹೆಸರು ಬರುವಂತೆ ಮಾಡಿದ ಫ್ರಾಂಕರೆಂಬ ಒಂದು ಜರ್ಮಾನಿಕ್ ಜನಾಂಗವಿತ್ತು. ಅವರ ಹೆಸರನ್ನೇ ಅರಬ್ಬರೂ ಪಾರಸಿಕರೂ ಯೂರೋಪಿನವರಿಗೆಲ್ಲ ಅನ್ವಯಿಸಿದರು; ಅದೇ ನಮ್ಮ ನಾಲಗೆಯಲ್ಲಿ ಪರಂಗಿಯಾಗಿ ನಿಂತಿತು. ಸೀಮೆಸುಣ್ಣ, ಸೀಮೆಎಣ್ಣೆ, ಸೀಮೆಬದನೆ ಎಂದು ನಾವು ಹೇಳುವಾಗಲೂ ಹೊರಗಿನಿಂದ ಬಂದ ವಸ್ತುವಿನ ಮೇಲೆ ಹೊರಗಿನದೆಂಬ ಮುದ್ರೆಯನ್ನು ಒತ್ತಿದ್ದೇವೆ.

ಇಂಗ್ಲಿಷರಲ್ಲಿಯೂ ಇಂತಹ ಒಂದು ಕಾಯಿ ಉಂಟು. ನಾವು ಅಕ್ರೋಟು ಎನ್ನುವುದನ್ನು ಅವರು ವಾಲ್‌ನಟ್ ಎನ್ನುತ್ತಾರೆ. ‘ವಾಲ್’ ಎಂದರೆ ಗೋಡೆ, ಗೋಡೆಯಂತೆ ಗಟ್ಟಿಯಾದ ಓಡುಳ್ಳದ್ದು ವಾಲ್‌ನಟ್ ಎಂದು ನಾನು ವಿದ್ಯಾರ್ಥಿಯಾಗಿದ್ದಾಗ ನನಗೆ ನಾನೇ ಅರ್ಥ ಹೇಳಿಕೊಂಡಿದ್ದೆನು. ಹಲ್ಲಿನಿಂದ ಒಡೆಯಲು ಹೋಗಿ ಸೋತವರಿಗೆ ಈ ವ್ಯುತ್ಪತ್ತಿ ಒಪ್ಪಿಗೆಯಾದೀತು. ಆದರೆ ಅದು ತಪ್ಪು. ಸುಮಾರು ಒಂದು ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ಅದರ ರೂಪ ‘ವೆಅಲ್ಹ್‌ಹ್ನುತು’ ಎಂದಿತ್ತು. ‘ಹ್ನುತು’ ಎಂದರೆ ಕಾಯಿ. ‘ವೆಅಲ್ಹ್’ ಎಂದರೆ ಗಾಲ್ ಮತ್ತು ರೋಮ್ ದೇಶಗಳ ಕಡೆಯ ಪರಕೀಯನು. ಒಟ್ಟಿನಲ್ಲಿ ಅದು ಅವರ ಪರಂಗಿಕಾಯಿ. ಈ ಹೊತ್ತು ನಾನು ಹೇಳಬೇಕೆಂದಿರುವುದು ಆ ‘ವೆಅಲ್ಹ್’ ಎಂಬ ಮಾತಿನ ಚರಿತ್ರೆಯನ್ನು. ಕೊನೆಯ ಹಕಾರವನ್ನು ಗಂಟಲಿನಿಂದ ಸ್ವಲ್ಪ ಉಜ್ಜಿ ಉಚ್ಚರಿಸಬೇಕು. ಉಚ್ಚಾರಣೆಯಲ್ಲಿ ನಾನು ತಪ್ಪಿದರೆ ಶ್ರೋತೃಗಳು ಮನ್ನಿಸಬೇಕು.

ಈ ಮಾತಿನ ಬಹುವಚನ ‘ವೆಅಲಸ್’. ಅದೇ ಕಾಲಕ್ರಮದಲ್ಲಿ ಸವೆದು ‘ವೇಲ್ಸ್’ ಎಂದಾಯಿತು. ಭೂಪಟದಲ್ಲಿ ಇಂಗ್ಲೆಂಡಿನ ಪಶ್ಚಿಮಕ್ಕೆ ಕಾಣುವ ಆ ಗುಡ್ಡಗಾಡಿನ ದೇಶದ ಹೆಸರು, ನಿಜವಾಗಿ ನೋಡಿದರೆ, ದೇಶದ ಹೆಸರಲ್ಲ, ಜನರ ಹೆಸರು. ಸಂಸ್ಕೃತದಲ್ಲಿ ಅಂಗಾಃ, ವಂಗಾಃ, ಕಲಿಂಗಾಃ ಎಂದು ಜನರನ್ನು ಬಹುವಚನದಲ್ಲಿ ಹೇಳಿ ಅವರ ನಾಡನ್ನು ಸೂಚಿಸುವುದುಂಟಷ್ಟೆ. ಇದೂ ಹಾಗೆಯೇ. ವ್ಯತ್ಯಾಸವೊಂದಿದೆ: ಅಂಗರು ತಮ್ಮನ್ನು ಅಂಗರೆಂದು ಕರೆದುಕೊಂಡಿದ್ದರೆ ಆಶ್ಚರ್ಯವಿಲ್ಲ, ವೇಲ್ಸಿನವರು ಮಾತ್ರ ತಮ್ಮ ಭಾಷೆಯಲ್ಲಿ ತಮ್ಮನ್ನು ಎಂದೂ ಆ ಹೆಸರಿನಿಂದ ಕರೆದುಕೊಂಡವರಲ್ಲ. ಅದು ನೆರೆಯವರು ಇಟ್ಟ ಹೆಸರು. ಆ ನೆರೆಯವರಾದರೋ ಆ ದ್ವೀಪಕ್ಕೆ ಆಮೇಲೆ ಬಂದವರು. ಹೊಸದಾಗಿ ಮನೆಯನ್ನು ಹೊಕ್ಕವನು ಅಲ್ಲಿ ಮೊದಲಿಂದ ಇದ್ದವನನ್ನು ನೋಡಿ ‘ನೀನು ಪರಕೀಯ’ ಎಂದು ಹೇಳಿ, ಆ ಮಾತೇ ಇದ್ದವನ ಹೆಸರಾಗಿ ನೆಲೆಸಿದ ಪ್ರಸಂಗವಿದು. ಇದು ಹೇಗೆ ನಡೆಯಿತು?

ಮಾತಿನ ಮೂಲ ಬ್ರಿಟನ್ನಿನಲ್ಲಿಲ್ಲ. ಕ್ರಿಸ್ತನಿಗೆ ಹಿಂದೆ ಮೊದಲನೆಯ ಶತಮಾನದಲ್ಲಿ ಗಾಲ್ ದೇಶದ ಯುದ್ಧಗಳ ವೃತ್ತಾಂತವನ್ನು ಬರೆದ ಜೂಲಿಯಸ್ ಸೀಸರನು, ಜರ್ಮನಿಯ ಮಹಾರಣ್ಯದ ಬಳಿ ವೋಲ್ಕೆ ಎಂಬ ಕೆಲ್ಟಿಕ್ ಜನರು ನೆಲೆಸಿದ್ದಾರೆಂದು ಹೇಳುತ್ತಾನೆ. ಜರ್ಮಾನಿಕ್ ಜನರಿಗೆ ನೆರೆಯಲ್ಲಿದ್ದ ಕೆಲ್ಟರು ಇವರು. ಇವರ ಹೆಸರು ಅವರ ಬಾಯಲ್ಲಿ ‘ವಲ್ಹ’ ಎಂದು ಮಾರ್ಪಟ್ಟು, ಮೊದಲು ಕೆಲ್ಟರಿಗೆಲ್ಲ ಸಂದಿತು. ಅನಂತರ ಆ ಕೆಲ್ಟರು ರೋಮಿನ ಆಳ್ವಿಕೆಗೆ ಒಳಪಟ್ಟು ಲ್ಯಾಟಿನ್ ಮಾತಾಡತೊಡಗಿದ ಮೇಲೆ, ಲ್ಯಾಟಿನ್ ಆಡುವವರಿಗೂ ಅದೇ ಹೆಸರು ಉಳಿಯಿತು. ಈ ಕಾರಣದಿಂದಲೇ ಯೂರೋಪಿನ ಉದ್ದಕ್ಕೂ ಈ ಮಾತಿನ ಮಕ್ಕಳು ಚೆದರಿಹೋಗಿದ್ದಾರೆ. ಬೆಲ್ಜಿಯಮ್ಮಿನಲ್ಲಿ ಫ್ರೆಂಚ್ ಆಡುವವರು ವಾಲೂನರು. ರುಮೇನಿಯದ ಒಂದು ಪ್ರಾಂತ ವಲೇಕಿಯ. ಬಾಲ್ಕನ್ ಬೆಟ್ಟಗಳ ಕುರಿಗಾಹಿಗಳು ವ್ಲಾಖರು. ಪೋಲೆಂಡಿನವರಿಗೆ ಇಟಲಿಯ ಹೆಸರು ಇಂದಿಗೂ ‘ವ್ಲೋಖಿ’. ಇವರೆಲ್ಲ ಒಬ್ಬರನ್ನೊಬ್ಬರು ಬಂಧುಗಳೆಂದು ತಿಳಿಯರು. ಅವರನ್ನು ಒಟ್ಟುಗೂಡಿಸಿರುವುದು ಇತರರು ಅವರಿಗೆ ಹಚ್ಚಿದ ಒಂದು ಚೀಟಿ, ಅಷ್ಟೆ.

ನಿಘಂಟುಗಳು ‘ವೆಅಲ್ಹ್’ ಎಂದರೆ ‘ಪರದೇಶದವನು’ ಎಂದು ಒಂದೇ ಮಾತಿನಲ್ಲಿ ಅರ್ಥ ಬರೆದು ಮುಂದಕ್ಕೆ ಹೋಗುವುದುಂಟು. ಆಕ್ಸ್‌ಫರ್ಡಿನ ಪ್ರಾಧ್ಯಾಪಕರಾಗಿದ್ದ ಟೋಲ್ಕಿನ್ನರು 1955ರಲ್ಲಿ ಮಾಡಿದ ಒಂದು ಉಪನ್ಯಾಸದಲ್ಲಿ ಇದನ್ನು ತಿದ್ದಿದರು. ಜರ್ಮಾನಿಕ್ ಜನರು ಸಿಕ್ಕಿದ ಪರದೇಶದವರನ್ನೆಲ್ಲ ಹೀಗೆ ಕರೆಯಲಿಲ್ಲ. ಫಿನ್ನರನ್ನು, ಸ್ಲಾವರನ್ನು ಈ ಹೆಸರಿನಿಂದ ಕರೆದುದಿಲ್ಲ. ಕೆಲ್ಟಿಕ್ ಅಥವಾ ಲ್ಯಾಟಿನ್ ಆಡುವವನು ಮಾತ್ರ ‘ವಲ್ಹ’. ಎಂದರೆ ಈ ಮಾತಿನ ತಿರುಳು ಭಾಷೆ. ಆ ಕಡೆಯವನು ಆಡುವ ನುಡಿ. ಗ್ರೀಕರ ‘ಬಾರ್ಬರೋಸ್’, ನಮ್ಮ ‘ಮ್ಲೇಚ್ಛ’ ಎಂಬ ಮಾತುಗಳ ಹಿಂದೆಯೂ ತೊದಲು ನುಡಿ, ಅಸ್ಪಷ್ಟವಾದ ನುಡಿ ಎಂಬ ಭಾವವಿದೆಯೆಂಬುದನ್ನು ಇಲ್ಲಿ ನೆನೆಯಬಹುದು. ಆದರೆ ಅವುಗಳಲ್ಲಿರುವ ಹೀಯಾಳಿಕೆ ‘ವಲ್ಹ’ದಲ್ಲಿ ಮೊದಮೊದಲು ಇರಲಿಲ್ಲ. ಲ್ಯಾಟಿನ್ ಆಡುವ ರೋಮನನು ಹೀಯಾಳಿಸಿಕೊಳ್ಳುವ ಸ್ಥಿತಿಯಲ್ಲಿಯೂ ಇರಲಿಲ್ಲವೆನ್ನಿ.

ಐದನೆಯ ಶತಮಾನದ ಆದಿಯಲ್ಲಿ ರೋಮನ್ ಆಳ್ವಿಕೆ ಬ್ರಿಟನ್ನಿನಿಂದ ಹಿಂದೆಗೆಯಿತು. ಉತ್ತರ ಜರ್ಮನಿಯ ಮತ್ತು ಡೆನ್ಮಾರ್ಕಿನ ಕರಾವಳಿಗಳಿಂದ ಆಂಗ್ಲರು, ಸ್ಯಾಕ್ಸನ್ನರು, ಜ್ಯೂಟರು ದೋಣಿಗಳಲ್ಲಿ ಬಂದಿಳಿದರು. 731ರಲ್ಲಿ ತನ್ನ ಚರಿತ್ರೆಯನ್ನು ಮುಗಿಸಿದ ಬೀಡನೆಂಬ ಸನ್ಯಾಸಿಯು ಈ ಆಗಮನವನ್ನು 449ರ ಸುಮಾರಿಗೆ ಇಡುತ್ತಾನೆ. ಅಲ್ಲಿದ್ದ ಬ್ರಿಟನ್ನರು ಕೆಲ್ಟಿಕ್ ನುಡಿಯವರು. ಪಟ್ಟಣಗಳಲ್ಲಿದ್ದವರು ಲ್ಯಾಟಿನ್ನನ್ನೂ ಬಲ್ಲವರು. ಬಂದವರು ತಮ್ಮ ಹಳೆಯ ಸಂಚಿಯಿಂದ ಹಳೆಯ ಮಾತನ್ನು ತೆಗೆದು ಇವರಿಗೆ ಹಚ್ಚಿದರು: ‘ವೆಅಲಸ್’.

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚರಿತ್ರಕಾರರು ಬರೆದ ಪಠ್ಯಪುಸ್ತಕಗಳಲ್ಲಿ ಮುಂದಿನ ಕಥೆ ಸರಳವಾಗಿತ್ತು. ಬ್ರಿಟನ್ನರನ್ನು ಕೊಂದರು, ಉಳಿದವರು ಪಶ್ಚಿಮದ ಬೆಟ್ಟಗಳಿಗೆ ಓಡಿದರು, ಬಯಲೆಲ್ಲ ಅಚ್ಚ ಇಂಗ್ಲಿಷರದಾಯಿತು. ಗೆದ್ದವರ ಮೊಮ್ಮಕ್ಕಳಿಗೆ ಅದು ರುಚಿಸಿರಬೇಕು. ಹಳೆಯ ಸ್ಮಶಾನಗಳಲ್ಲಿ ದೊರೆತ ಎಲುಬುಗಳನ್ನು ಪರೀಕ್ಷಿಸಿ 2022ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾದ ಒಂದು ಸಂಶೋಧನೆಯು ಬೇರೆ ಬಗೆಯಾಗಿ ಹೇಳುತ್ತದೆ. ಪೂರ್ವ ಮತ್ತು ಮಧ್ಯ ಇಂಗ್ಲೆಂಡಿನ ಅಂದಿನ ಜನರ ವಂಶದಲ್ಲಿ ಸರಾಸರಿ ಮುಕ್ಕಾಲು ಪಾಲು ಸಮುದ್ರದಾಚೆಯಿಂದ ಬಂದದ್ದು, ಉಳಿದದ್ದು ಸ್ಥಳೀಯರದು. ಒಂದೇ ಸ್ಮಶಾನದಲ್ಲಿ ಬಂದವರೂ ಇದ್ದವರೂ ಇಬ್ಬರಿಗೂ ಹುಟ್ಟಿದವರೂ ಮಲಗಿದ್ದಾರೆ. ವಲಸೆ ದೊಡ್ಡದೇ, ಆದರೆ ಸ್ಥಳೀಯರು ಇಲ್ಲವಾಗಲಿಲ್ಲ. ಹೊಸ ಒಡೆಯರ ನೆರಳಿನಲ್ಲಿ ಬದುಕಿದರು. ಹೇಗೆ ಬದುಕಿದರೆಂಬುದಕ್ಕೆ ಸಾಕ್ಷಿ ಬೇಕಾದರೆ ಒಂದು ರಾಜಶಾಸನವನ್ನು ತೆರೆಯಬೇಕು.

ನೈರುತ್ಯ ಇಂಗ್ಲೆಂಡಿನ ವೆಸೆಕ್ಸ್ ರಾಜ್ಯವನ್ನು 688ರಿಂದ 726ರ ವರೆಗೆ ಆಳಿದ ಐನ್ ಎಂಬ ದೊರೆಯು ಏಳನೆಯ ಶತಮಾನ ಮುಗಿಯುವುದರೊಳಗಾಗಿ ಒಂದು ಕಟ್ಟಳೆಯ ಸಂಹಿತೆಯನ್ನು ಹೊರಡಿಸಿದನು. ಎರಡು ಶತಮಾನಗಳ ತರುವಾಯ ಆಲ್ಫ್ರೆಡ್ ಮಹಾರಾಜನು ಅದನ್ನು ತನ್ನ ಸಂಹಿತೆಯ ಕೊನೆಗೆ ಸೇರಿಸಿಕೊಂಡುದರಿಂದ ಅದು ನಮಗೆ ಉಳಿದಿದೆ. ಆ ಕಾಲದ ಜರ್ಮಾನಿಕ್ ಧರ್ಮದಂತೆ ಪ್ರತಿಯೊಬ್ಬ ಮನುಷ್ಯನ ತಲೆಗೂ ಒಂದು ಬೆಲೆಯುಂಟು. ಯಾರನ್ನಾದರೂ ಕೊಂದರೆ ಆ ಬೆಲೆಯನ್ನು ಸತ್ತವನ ಬಂಧುಗಳಿಗೆ ಸಲ್ಲಿಸಿ ಹಗೆಯನ್ನು ತೀರಿಸಿಕೊಳ್ಳಬೇಕು. ವೆಸೆಕ್ಸಿನಲ್ಲಿ ಸಾಮಾನ್ಯನಾದ ಸ್ವತಂತ್ರ ಇಂಗ್ಲಿಷ್ ಒಕ್ಕಲಿಗನ ತಲೆಯ ಬೆಲೆ 200 ಷಿಲ್ಲಿಂಗು. ದೊಡ್ಡ ಕುಲೀನನದು 1200. ನಡುವಣ ದರ್ಜೆಯವನದು 600.

ವೆಅಲ್ಹನ ಬೆಲೆಯೆಷ್ಟು? ಐದು ಹೈಡ್ ಭೂಮಿಯುಳ್ಳ ವೆಅಲ್ಹನಿಗೆ 600 ಷಿಲ್ಲಿಂಗು. ಹೈಡ್ ಎಂದರೆ ಒಂದು ಕುಟುಂಬದ ಜೀವನಕ್ಕೆ ಸಾಕಾಗುವಷ್ಟು ನೆಲವೆಂದು ಲೆಕ್ಕ. ಒಂದು ಹೈಡ್ ಇದ್ದವನಿಗೆ 120. ಅರ್ಧ ಹೈಡಿನವನಿಗೆ 80. ಭೂಮಿಯೇ ಇಲ್ಲದವನಿಗೆ 60. ತೆರಿಗೆ ಕೊಡುವ ವೆಅಲ್ಹನಿಗೆ 120, ಅವನ ಮಗನಿಗೆ 100. ದೊರೆಯ ಕುದುರೆಗಳ ಊಳಿಗದಲ್ಲಿದ್ದು ಅವನ ಓಲೆಯನ್ನು ಹೊತ್ತು ಓಡಾಡಬಲ್ಲ ವೆಅಲ್ಹನಿಗೆ 200. ಇದಲ್ಲದೆ ವೆಅಲ್ಹನ ಚರ್ಮಕ್ಕೆ 12 ಷಿಲ್ಲಿಂಗು ಎಂದು ಒಂದು ವಾಕ್ಯವಿದೆ. ಹೆದರಬೇಕಾಗಿಲ್ಲ, ಛಡಿಯೇಟಿನ ಶಿಕ್ಷೆಯಾದಾಗ ಅಷ್ಟು ಹಣವನ್ನು ಕಟ್ಟಿ ಬೆನ್ನಿನ ಚರ್ಮವನ್ನು ಉಳಿಸಿಕೊಳ್ಳಬಹುದೆಂದು ಅರ್ಥ.

ಈ ಅಂಕಿಗಳನ್ನು ನಾನು ತರಗತಿಯಲ್ಲಿ ಹಲಗೆಯ ಮೇಲೆ ಬರೆದಾಗಲೆಲ್ಲ ವಿದ್ಯಾರ್ಥಿಗಳ ಮುಖದಲ್ಲಿ ಒಂದು ಬದಲಾವಣೆಯನ್ನು ನೋಡಿದ್ದೇನೆ. ‘ಪರಕೀಯ’ ಎಂಬ ಶಬ್ದ ಗಾಳಿಯಲ್ಲಿ ತೇಲುವಂಥದು; 60 ಎಂಬ ಅಂಕಿ ಹಾಗಲ್ಲ. ಈ ಪಟ್ಟಿಯಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದು, ವೆಅಲ್ಹನು ಸೋತು ನೆಲಕಚ್ಚಿದವನೆಂದೇ ತಿಳಿಯಬಾರದು. ಅವರಲ್ಲಿ ಜಮೀನುದಾರರಿದ್ದರು, ದೊರೆಯ ಊಳಿಗದವರಿದ್ದರು, ಕಾನೂನು ಅವರನ್ನು ಒಪ್ಪಿಕೊಂಡು ರಕ್ಷಿಸುತ್ತಿತ್ತು. ಆದರೂ ಸರಿಸಮಾನವಾದ ಆಸ್ತಿಯುಳ್ಳ ಇಂಗ್ಲಿಷನಿಗಿಂತ ಅವನ ಬೆಲೆ ಸುಮಾರು ಅರ್ಧ. ಇನ್ನೊಂದು ಸಂಗತಿ, ಅದೇ ಸಂಹಿತೆಯಲ್ಲಿ ಗುಲಾಮನ ಬೆಲೆಯೂ 60 ಷಿಲ್ಲಿಂಗು, ಕೆಲವರದು 50. ಭೂಮಿಯಿಲ್ಲದ ವೆಅಲ್ಹನೂ ಗುಲಾಮನೂ ತಕ್ಕಡಿಯಲ್ಲಿ ಒಂದೇ ತೂಕ. ಹೀಗಿರುವಾಗ ಎರಡು ಮಾತುಗಳ ನಡುವಣ ಗೆರೆ ಎಷ್ಟು ದಿನ ನಿಂತೀತು? ವೆಸೆಕ್ಸಿನ ಮುಂದಿನ ಬರಹಗಳಲ್ಲಿ ‘ವೆಅಲ್ಹ್’ ಎಂದರೆ ಗುಲಾಮ ಎಂದೇ ಅರ್ಥವಾಗುತ್ತದೆ. ‘ವಾಲೆ’ ಎಂಬ ಅದರ ಸ್ತ್ರೀಲಿಂಗ ರೂಪಕ್ಕೆ ತೊತ್ತು ಎಂಬ ಅರ್ಥ. ಹತ್ತನೆಯ ಶತಮಾನದ ಎಕ್ಸೆಟರ್ ಗ್ರಂಥದಲ್ಲಿರುವ ಒಗಟುಗಳಲ್ಲಿ ಈ ಕಪ್ಪು ಕೂದಲಿನ ತೊತ್ತು ಬಂದುಹೋಗುತ್ತಾಳೆ. ಅವಳಿಗೆ ಹೆಸರಿಲ್ಲ, ಬೇರೊಂದು ವಸ್ತುವನ್ನು ಬಣ್ಣಿಸುವುದಕ್ಕಾಗಿ ಕವಿಯು ಅವಳನ್ನು ಒಂದು ಗಳಿಗೆ ಒಳಕ್ಕೆ ಕರೆದು ಕಳುಹಿಸಿಬಿಡುತ್ತಾನೆ.

ಜನಾಂಗದ ಹೆಸರು ಜೀತದವನ ಹೆಸರಾಗುವುದು ಅಪೂರ್ವವೇನೂ ಅಲ್ಲ. ಸ್ಲಾವರ ಹೆಸರಿನಿಂದ ಇಂಗ್ಲಿಷಿನ ‘ಸ್ಲೇವ್’ ಬಂದಿದೆ. ಋಗ್ವೇದದಲ್ಲಿ ಆರ್ಯರಿಗೆ ಎದುರಾಳಿಗಳಾಗಿದ್ದ ಜನರ ಹೆಸರು ‘ದಾಸ’. ಅನಂತರ ಅದು ಆಳು, ಊಳಿಗದವನು ಎಂಬರ್ಥಕ್ಕೆ ಇಳಿಯಿತು. ಆದರೆ ನಮ್ಮಲ್ಲಿ ಆ ಮಾತಿಗೆ ಮತ್ತೊಂದು ಜನ್ಮ ದೊರೆಯಿತು. ಪುರಂದರದಾಸರು, ಕನಕದಾಸರು ಅದನ್ನು ತಾವಾಗಿ ಬಯಸಿ ಹೆಸರಿನ ಕೊನೆಗೆ ಧರಿಸಿದಂದಿನಿಂದ ಕನ್ನಡಿಗನ ಕಿವಿಗೆ ‘ದಾಸರು’ ಎಂದರೆ ತಂಬೂರಿಯ ನಾದವೇ ಮೊದಲು ಕೇಳುವುದು. ವೆಅಲ್ಹನಿಗೆ ಇಂತಹ ಭಾಗ್ಯ ಬರಲಿಲ್ಲ.

ಈ ಕಟ್ಟಳೆಯನ್ನು ವಿಧಿಸಿದ ದೊರೆಯ ಮನೆತನವನ್ನು ನೋಡಿದರೆ ಮಾತ್ರ ನಗು ಬರುತ್ತದೆ. ಐನನಿಗೆ ಮೊದಲು 685ರಿಂದ 688ರ ವರೆಗೆ ಆಳಿದವನ ಹೆಸರು ಕ್ಯಾಡ್‌ವಲ್ಲ. ಅದು ಬ್ರಿಟನ್ನರ ‘ಕ್ಯಾಡ್‌ವಲ್ಲನ್’ ಎಂಬ ಹೆಸರಿನಿಂದ ಬಂದದ್ದು. ವಂಶದ ಮೂಲಪುರುಷನೆಂದು ಪರಂಪರೆಯು ಹೇಳುವ ಸೆರ್ಡಿಕನ ಹೆಸರೂ ಕೆಲ್ಟಿಕ್ ಹೆಸರೇ. ನಡುವೆ ಸೆನ್‌ವಾಲ್ಹ್ ಎಂಬೊಬ್ಬ ದೊರೆಯಿದ್ದಾನೆ. ಅವನ ಹೆಸರಿನ ಬಾಲದಲ್ಲಿ ನಮ್ಮ ವೆಅಲ್ಹನೇ ಕುಳಿತಿದ್ದಾನೆ. ‘ಬೇವುಲ್ಫ್’ ಮಹಾಕಾವ್ಯದಲ್ಲಿ ಡೇನರ ದೊರೆಯ ಪಟ್ಟದ ರಾಣಿ, ಚಿನ್ನದ ಕಂಠಾಭರಣವನ್ನು ಕೊಡುವವಳು, ‘ವೆಅಲ್ಹ್‌ಥೇಒವ್’. ಅಕ್ಷರಶಃ ‘ಪರಕೀಯ ದಾಸಿ’. ರಕ್ತವನ್ನು ಜರಡಿಹಿಡಿದು ಬೆಲೆ ಕಟ್ಟಿದ ಮನೆತನದಲ್ಲಿಯೇ ಎಷ್ಟು ರಕ್ತ ಬೆರೆತಿತ್ತೋ!

ಬೆಲೆಯ ಈ ಭೇದವೇ ಬ್ರಿಟನ್ನರನ್ನು ಕರಗಿಸಿತೆಂದು ಈಚಿನ ಕೆಲವು ಚರಿತ್ರಕಾರರು ವಾದಿಸುತ್ತಾರೆ. ನಾನೂ ಅದನ್ನು ಒಪ್ಪುತ್ತೇನೆ. ಇಂಗ್ಲಿಷನೆನಿಸಿಕೊಂಡರೆ ತಲೆಯ ಬೆಲೆ ಇಮ್ಮಡಿಯಾಗುವುದಾದರೆ, ಮಗನಿಗೆ ಇಂಗ್ಲಿಷ್ ಹೆಸರಿಟ್ಟು, ಹೊರಗೆ ಆ ನುಡಿಯನ್ನಾಡಿಸಿ, ಅಜ್ಜಿಯ ಮಾತನ್ನು ಒಲೆಯ ಬಳಿಗೆ ಸೀಮಿತಗೊಳಿಸುವವರನ್ನು ನಾವು ದೂರಲಾದೀತೆ? ಎರಡು ಮೂರು ತಲೆಮಾರುಗಳಲ್ಲಿ ಒಲೆಯ ಬಳಿಯೂ ಆ ಮಾತು ನಿಂತುಹೋಗುತ್ತದೆ. ಒಂಬತ್ತನೆಯ ಶತಮಾನದ ಕೊನೆಯಲ್ಲಿ ಆಲ್ಫ್ರೆಡನು ತಾನಾಗಿ ವಿಧಿಸಿದ ಕಟ್ಟಳೆಗಳಲ್ಲಿ ವೆಅಲ್ಹರೆಂಬ ಪ್ರತ್ಯೇಕ ದರ್ಜೆ ಕಾಣುವುದಿಲ್ಲ. ಅವರು ಸತ್ತಿರಲಿಲ್ಲ, ಇಂಗ್ಲಿಷರಾಗಿದ್ದರು. ಅವರು ಬಿಟ್ಟುಹೋದ ಗುರುತುಗಳು ಕೆಲವು ಊರುಗಳ ಹೆಸರಿನಲ್ಲಿವೆ. ವಾಲೆಸಿ ಎಂದರೆ ವೆಅಲ್ಹರ ದ್ವೀಪ, ವಾಲ್ಡನ್ ಎಂದರೆ ಅವರ ಕಣಿವೆ. ಕಾರ್ನ್‌ವಾಲಿನ ಉತ್ತರಾರ್ಧವೂ ಅವರದೇ. ವಾಲ್ಟನ್ ಎಂಬ ಊರುಗಳಲ್ಲಿ ಹಲವು ಅವರವು. ಕೆಲವು ಮಾತ್ರ ಗೋಡೆಗೂ ಕಾಡಿಗೂ ಸಂಬಂಧಿಸಿದವು. ನದಿಗಳು ತಮ್ಮ ಹಳೆಯ ಹೆಸರುಗಳನ್ನು ಹೆಚ್ಚಾಗಿ ಉಳಿಸಿಕೊಂಡವು. ಏವನ್ ಎಂಬ ಹೆಸರಿನ ನದಿಗಳು ಇಂಗ್ಲೆಂಡಿನಲ್ಲಿ ಹಲವಿವೆ; ಷೇಕ್ಸ್‌ಪಿಯರನ ಊರಿನದೂ ಅವುಗಳಲ್ಲೊಂದು. ಬ್ರಿಟನ್ನರ ನುಡಿಯಲ್ಲಿ ಆ ಮಾತಿಗೆ ‘ನದಿ’ ಎಂದಷ್ಟೇ ಅರ್ಥ. ‘ಇದೇನು?’ ಎಂದು ಬಂದವನು ಕೇಳಿರಬೇಕು; ‘ಹೊಳೆ’ ಎಂದು ಇದ್ದವನು ಹೇಳಿರಬೇಕು.

ಹಾಗೆ ಕೇಳಿ ಹೇಳುವ ಇಬ್ಬರ ನಡುವೆ ಮೂರನೆಯವನೊಬ್ಬನು ಬೇಕಾಗುತ್ತದೆ. ಅವನಿಗೂ ಹಳೆಯ ಇಂಗ್ಲಿಷಿನಲ್ಲಿ ಒಂದು ಹೆಸರಿದೆ: ‘ವೆಅಲ್ಹ್‌ಸ್ತೊದ್’. ದುಭಾಷಿ ಎಂದರ್ಥ. ಮೊದಲು ವೆಅಲ್ಹರ ಮಾತನ್ನು ಬಲ್ಲವನಿಗೆ ಹೇಳುತ್ತಿದ್ದ ಈ ಮಾತು ಅನಂತರ ಯಾವ ಭಾಷೆಯನ್ನೇ ಆಗಲಿ ಅರ್ಥಮಾಡಿಸುವವನಿಗೂ, ಗ್ರಂಥಗಳನ್ನು ಭಾಷಾಂತರಿಸುವವನಿಗೂ ಸಂದಿತು. ಸೆವರ್ನ್ ನದಿಯ ಪಶ್ಚಿಮದ ಜನರಿಗೆ 731ರಲ್ಲಿ ಬಿಷಪ್ಪನಾಗಿದ್ದವನ ಹೆಸರೇ ವಾಲ್ಹ್‌ಸ್ತೊದ್ ಎಂದು ಬೀಡನು ತಿಳಿಸುತ್ತಾನೆ. ಎರಡು ಜನಾಂಗಗಳು ಹೆಣೆದುಕೊಂಡಿದ್ದ ಗಡಿಸೀಮೆಯಲ್ಲಿ ಅದು ತಕ್ಕ ಹೆಸರೇ ಸರಿ. ತುಚ್ಛಾರ್ಥಕ್ಕೆ ಇಳಿಯುತ್ತಿದ್ದ ಒಂದು ಮಾತಿನ ಒಂದು ಕೊಂಬೆ ಹೀಗೆ ಮೇಲಕ್ಕೂ ಬೆಳೆಯಿತು.

ಆ ಕೊಂಬೆಯ ತುದಿಯನ್ನು ಕಾಣಬೇಕಾದರೆ ಆಲ್ಫ್ರೆಡನಲ್ಲಿಗೆ ಬರಬೇಕು. 871ರಲ್ಲಿ ಪಟ್ಟಕ್ಕೆ ಬಂದು 899ರಲ್ಲಿ ತೀರಿಕೊಂಡ ಈ ದೊರೆಯು ಡೇನರ ದಾಳಿಗಳಿಂದ ರಾಜ್ಯವನ್ನು ಉಳಿಸಿದ ಮೇಲೆ, ವಿದ್ಯೆಯು ಹಾಳಾಗಿರುವುದನ್ನು ಕಂಡು ಕೊರಗಿದನು. ಲ್ಯಾಟಿನ್ ಗ್ರಂಥಗಳನ್ನು ಓದಿ ಅರ್ಥಮಾಡಿಕೊಳ್ಳಬಲ್ಲವರು ದೇಶದಲ್ಲಿ ಅಪರೂಪವಾಗಿದ್ದರು. ಎಲ್ಲರೂ ತಿಳಿದಿರಬೇಕಾದ ಕೆಲವು ಗ್ರಂಥಗಳನ್ನು ಜನರ ನುಡಿಗೆ ತರಬೇಕೆಂದು ನಿಶ್ಚಯಿಸಿ, ಪೋಪ್ ಗ್ರೆಗೊರಿಯ ಒಂದು ಗ್ರಂಥವನ್ನು ತಾನೇ ಇಂಗ್ಲಿಷಿಗೆ ಮಾಡಿದನು. ಅದಕ್ಕೆ ಬರೆದ ಪೀಠಿಕೆಯಲ್ಲಿ ತನ್ನ ಕೆಲಸಕ್ಕೆ ಸಮರ್ಥನೆಯನ್ನು ಕೊಡುತ್ತಾನೆ: ಹೀಬ್ರೂವಿನಲ್ಲಿದ್ದ ಧರ್ಮಶಾಸ್ತ್ರವನ್ನು ಗ್ರೀಕರು ತಮ್ಮ ನುಡಿಗೆ ಮಾಡಿಕೊಂಡರು, ಆಮೇಲೆ ಲ್ಯಾಟಿನರೂ ಜಾಣರಾದ ದುಭಾಷಿಗಳ ಮೂಲಕ ತಮ್ಮ ನುಡಿಗೆ ತಿರುಗಿಸಿಕೊಂಡರು, ನಾವೇಕೆ ಹಾಗೆ ಮಾಡಬಾರದು ಎಂಬುದು ಅದರ ಸಾರ. ಅಲ್ಲಿ ಅವನು ದುಭಾಷಿಗಳಿಗೆ ಬಳಸಿರುವ ಮಾತು ‘ವೆಅಲ್ಹ್‌ಸ್ತೊದ್’ ಎಂಬುದೇ. ಹಾಗೆಯೇ ಆ ಗ್ರಂಥವನ್ನು ತಾನು ನಾಲ್ವರಿಂದ ಕಲಿತೆನೆಂದು ಅವರ ಹೆಸರುಗಳನ್ನು ಕೃತಜ್ಞತೆಯಿಂದ ಹೇಳುತ್ತಾನೆ. ಅವರಲ್ಲೊಬ್ಬನು ಆಸೆರ್.

ಆಸೆರನು ಯಾರು? ವೇಲ್ಸಿನ ಪಶ್ಚಿಮ ತುದಿಯಲ್ಲಿರುವ ಸೇಂಟ್ ಡೇವಿಡ್ಸ್ ಮಠದಿಂದ ಆಲ್ಫ್ರೆಡನು ಕರೆಸಿಕೊಂಡ ಸನ್ಯಾಸಿ. ಎಂದರೆ ಅಚ್ಚ ವೆಅಲ್ಹ. ಅವನ ಪೂರ್ವಿಕರ ತಲೆಗಳಿಗೆ ಅರ್ಧ ಬೆಲೆ ಕಟ್ಟಿದ್ದ ಐನನ ಕಟ್ಟಳೆಯನ್ನು ಆಲ್ಫ್ರೆಡನು ತನ್ನ ಸಂಹಿತೆಗೆ ಸೇರಿಸಿಕೊಂಡವನು. ಆ ಆಲ್ಫ್ರೆಡನಿಗೆ ಲ್ಯಾಟಿನ್ನಿನ ಅರ್ಥವನ್ನು ಹೇಳಿಕೊಟ್ಟವನು ಈ ವೆಅಲ್ಹ. ಪಕ್ಕಪಕ್ಕದಲ್ಲಿ ಕುಳಿತು ಪುಟವನ್ನು ತಿರುವುತ್ತಿದ್ದ ಅವರಿಬ್ಬರೂ ಈ ಮಾತಿನ ಎರಡು ಅರ್ಥಗಳನ್ನು ಕುರಿತು ಎಂದಾದರೂ ಮುಗುಳ್ನಕ್ಕರೋ ಎಂದು ಊಹಿಸುವ ಆಸೆಯಾಗುತ್ತದೆ. 893ರಲ್ಲಿ ಆಸೆರನು ತನ್ನ ದೊರೆಯ ಜೀವನಚರಿತ್ರೆಯನ್ನು ಲ್ಯಾಟಿನ್ನಿನಲ್ಲಿ ಬರೆದನು. ಹಿಂದೆ ಆಫ ಎಂಬ ದೊರೆಯು ವೇಲ್ಸಿನ ಗಡಿಯುದ್ದಕ್ಕೂ ಸಮುದ್ರದಿಂದ ಸಮುದ್ರಕ್ಕೆ ದೊಡ್ಡ ಮಣ್ಣಿನ ದಿಬ್ಬವನ್ನು ಕಟ್ಟಿಸಿದನೆಂದು ಹೇಳಿದವನು ಇವನೇ. ಆ ಗ್ರಂಥದಲ್ಲಿ ಇಂಗ್ಲಿಷ್ ಊರುಗಳ ಹೆಸರುಗಳು ಬಂದಾಗ ಅವನು ಕೆಲವು ಕಡೆ ನಿಂತು, ಇದಕ್ಕೆ ಬ್ರಿಟನ್ನರ ಭಾಷೆಯಲ್ಲಿ ಇಂಥ ಹೆಸರು, ಅದಕ್ಕೆ ಅರ್ಥ ಇಂಥದು ಎಂದು ಬಿಡಿಸುತ್ತಾನೆ. ನಾಟಿಂಗ್‌ಹ್ಯಾಮಿನ ಬ್ರಿಟನ್ ಹೆಸರಿಗೆ ‘ಗುಹೆಗಳ ಮನೆ’ ಎಂದು ಅರ್ಥವೆಂಬುದನ್ನು ಅವನು ಹೇಳದಿದ್ದರೆ ನಮಗೆ ಯಾರು ಹೇಳುತ್ತಿದ್ದರು? ಇಂಗ್ಲಿಷನ್ನು ಕಲಿತು ಅದನ್ನು ಕನ್ನಡದಲ್ಲಿ ವಿವರಿಸಿ ಹೊಟ್ಟೆ ಹೊರೆದುಕೊಳ್ಳುವ ನನ್ನಂಥವನಿಗೆ ಈ ಆಸೆರನ ಮೇಲೆ ಒಂದು ಬಗೆಯ ಸಲುಗೆ. ಅವನ ಗ್ರಂಥದಲ್ಲಿ ಅತಿಶಯೋಕ್ತಿಗಳಿಲ್ಲದಿಲ್ಲ. ದೊರೆಯನ್ನು ಹೊಗಳುವಾಗ ಅವನ ಲೇಖನಿಗೆ ಕಡಿವಾಣವಿಲ್ಲ. ಅದನ್ನು ಕ್ಷಮಿಸಬಹುದು.

1066ರಲ್ಲಿ ಚಕ್ರ ತಿರುಗಿತು. ನಾರ್ಮಂಡಿಯ ವಿಲಿಯಮನು ಇಂಗ್ಲೆಂಡನ್ನು ಗೆದ್ದನು; ಆಳುವವರ ನುಡಿ ಫ್ರೆಂಚಾಯಿತು. ಒಬ್ಬ ಮನುಷ್ಯನ ಹೆಣ ಎಲ್ಲಿಯಾದರೂ ಸಿಕ್ಕಿ ಕೊಲೆಗಾರನು ಸಿಕ್ಕದೆ ಹೋದರೆ, ಸತ್ತವನು ನಾರ್ಮನನೆಂದೇ ಭಾವಿಸಿ ಆ ಸುತ್ತಿನ ಊರಿನವರೆಲ್ಲರ ಮೇಲೆ ಭಾರಿಯ ದಂಡವನ್ನು ಹಾಕುವ ಪದ್ಧತಿ ಬಂದಿತು. ಸತ್ತವನು ಬರಿಯ ಇಂಗ್ಲಿಷನೆಂದು ಊರಿನವರು ಪ್ರಮಾಣಪೂರ್ವಕವಾಗಿ ಸಾಧಿಸಿದರೆ ದಂಡವಿಲ್ಲ. ಐನನ ತಕ್ಕಡಿಯೇ ಇದು. ಈ ಸಲ ಹಗುರವಾದ ತಟ್ಟೆಯಲ್ಲಿ ಕುಳಿತವನು ಇಂಗ್ಲಿಷನು. ನೂರು ವರ್ಷಗಳು ಕಳೆಯುವುದರೊಳಗೆ ಮದುವೆಗಳ ಮೂಲಕ ಎರಡು ಜನಾಂಗಗಳೂ ಬೆರೆತು ಸ್ವತಂತ್ರ ಜನರಲ್ಲಿ ಯಾರು ಯಾರೆಂದು ತಿಳಿಯದಂತಾಯಿತೆಂದು ಹನ್ನೆರಡನೆಯ ಶತಮಾನದ ಅಧಿಕಾರಿಯೊಬ್ಬನು ಬರೆದಿಟ್ಟಿದ್ದಾನೆ. ಆದರೂ ಆ ಪದ್ಧತಿಯನ್ನು ರದ್ದುಗೊಳಿಸಿದ್ದು 1340ರಲ್ಲಿ. ‘ವೆಅಲ್ಹ್‌ಸ್ತೊದ್’ ಎಂಬ ಸೊಗಸಾದ ಮಾತು ಈ ಗಲಿಬಿಲಿಯಲ್ಲಿ ಸತ್ತುಹೋಯಿತು. ಅದರ ಪೀಠಕ್ಕೆ ಲ್ಯಾಟಿನ್ ಮೂಲದ ‘ಇಂಟರ್‌ಪ್ರಿಟರ್’ ಬಂದು ಕುಳಿತಿತು. ನನಗೆ ಅದು ಇಂದಿಗೂ ಸಣ್ಣದೊಂದು ವ್ಯಸನ.

ನಾರ್ಮನರ ಬಾಯಲ್ಲಿ ವೆಅಲ್ಹನು ‘ವಾಲೆಯ್ಸ್’ ಆದನು. ಹನ್ನೆರಡನೆಯ ಶತಮಾನದಲ್ಲಿ ವೇಲ್ಸಿನಿಂದ ಐರ್ಲೆಂಡಿಗೆ ಹೋಗಿ ನೆಲೆಸಿದವರ ಮನೆತನದ ಹೆಸರು ‘ವಾಲ್ಷ್’. ಐರಿಷ್ ನುಡಿಯಲ್ಲಿ ಅವರನ್ನು ‘ಬ್ರಿಟನ್ನಿನವರು’ ಎಂದೇ ಕರೆದರು. ಸ್ಕಾಟ್ಲೆಂಡಿನಲ್ಲಿ ಅದು ‘ವಾಲೇಸ್’ ಆಯಿತು. ಇಂಗ್ಲಿಷರ ವಿರುದ್ಧ 1297ರಲ್ಲಿ ಸ್ಟರ್ಲಿಂಗ್ ಸೇತುವೆಯ ಯುದ್ಧವನ್ನು ಗೆದ್ದು, 1305ರಲ್ಲಿ ಲಂಡನ್ನಿನಲ್ಲಿ ಘೋರವಾಗಿ ಕೊಲ್ಲಲ್ಪಟ್ಟ ವೀರ ವಿಲಿಯಮ್ ವಾಲೇಸನು ಜೀವಮಾನವೆಲ್ಲ ಹೊತ್ತಿದ್ದುದು ಇಂಗ್ಲಿಷರು ಪರಕೀಯನಿಗೆ ಇಟ್ಟ ಹೆಸರನ್ನೇ.

ಇನ್ನು ವೇಲ್ಸಿನವರು ತಮ್ಮನ್ನು ಏನೆಂದು ಕರೆದುಕೊಳ್ಳುತ್ತಾರೆಂಬುದನ್ನು ಹೇಳಬೇಕು. ‘ಕಮ್ರಿ’ ಎಂಬುದು ಅವರ ಮಾತು. ಹಳೆಯ ಬ್ರಿಟನ್ ನುಡಿಯ ‘ಕೊಂಬ್ರೊಗಿ’ ಎಂಬುದರಿಂದ ಅದು ಬಂದಿದೆ. ‘ಒಂದೇ ನಾಡಿನವರು’ ಎಂದು ಅರ್ಥ. ಉತ್ತರ ಇಂಗ್ಲೆಂಡಿನ ಕಂಬರ್‌ಲೆಂಡಿನಲ್ಲಿಯೂ ಇದೇ ಮಾತು ಅಡಗಿದೆ. ಹೀಗೆ ಒಂದೇ ಜನಕ್ಕೆ ಒಳಗಿನಿಂದ ‘ನಮ್ಮವರು’, ಹೊರಗಿನಿಂದ ‘ಪರಕೀಯರು’ ಎಂದು ಎರಡು ಹೆಸರುಗಳು. 1536ರ ಶಾಸನವು ವೇಲ್ಸ್ ನುಡಿಯಲ್ಲಿ ವ್ಯವಹರಿಸುವವರಿಗೆ ಸರಕಾರದ ಹುದ್ದೆಗಳಿಲ್ಲವೆಂದಿತು. 1588ರಲ್ಲಿ ವಿಲಿಯಮ್ ಮಾರ್ಗನ್ ಎಂಬ ಪಾದ್ರಿಯು ಬೈಬಲ್ಲನ್ನು ಸಂಪೂರ್ಣವಾಗಿ ಆ ನುಡಿಗೆ ತಂದುಕೊಟ್ಟುದರಿಂದ, ನ್ಯಾಯಸ್ಥಾನದಿಂದ ಹೊರಬಿದ್ದ ಭಾಷೆಗೆ ದೇವಾಲಯದಲ್ಲಿ ಆಶ್ರಯ ದೊರೆಯಿತು. ಮತ್ತೊಬ್ಬ ದುಭಾಷಿಯ ಕೆಲಸ! 1847ರಲ್ಲಿ ಪಾರ್ಲಿಮೆಂಟಿಗೆ ಒಪ್ಪಿಸಿದ ವಿದ್ಯಾಭ್ಯಾಸದ ವರದಿಯೊಂದು ಆ ನುಡಿಯನ್ನು ಜನರ ಏಳಿಗೆಗೂ ನಡತೆಗೂ ಅಡ್ಡಿಯೆಂದು ಹಳಿಯಿತು. ಅದರ ನೀಲಿಯ ಹೊದಿಕೆಯ ಸಂಪುಟಗಳನ್ನು ‘ನೀಲಿ ಪುಸ್ತಕಗಳ ದ್ರೋಹ’ ಎಂದು ವೇಲ್ಸಿನವರು ಇಂದಿಗೂ ಮರೆತಿಲ್ಲ. ಆ ಶತಮಾನದ ಹಲವು ಶಾಲೆಗಳಲ್ಲಿ ಮನೆಮಾತನ್ನಾಡಿದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುವ ಶಿಕ್ಷೆಯಿತ್ತು. ಜೂಜಿನಲ್ಲಿ ಸೋತ ಹಣವನ್ನು ಕೊಡದೆ ಓಡಿಹೋಗುವುದಕ್ಕೆ ‘ವೆಲ್ಷ್’ ಎಂಬ ಕ್ರಿಯಾಪದವು ಕುದುರೆ ಜೂಜಿನವರ ಬಾಯಲ್ಲಿ ಬಳಕೆಗೆ ಬಂದದ್ದೂ ಆ ಶತಮಾನದಲ್ಲಿಯೇ. 1967 ಮತ್ತು 1993ರ ಶಾಸನಗಳಿಂದ ಆ ಭಾಷೆಗೆ ಕಾನೂನಿನಲ್ಲಿ ಸ್ಥಾನ ಮರಳಿತು. 2011ರಲ್ಲಿ ಅದು ವೇಲ್ಸಿನಲ್ಲಿ ಅಧಿಕೃತ ಭಾಷೆಯಾಯಿತು. 2021ರ ಜನಗಣತಿಯಂತೆ ಅದನ್ನು ಆಡಬಲ್ಲವರು ಸುಮಾರು 5,38,000 ಮಂದಿ. ಅಲ್ಲಿಯ ಜನಸಂಖ್ಯೆಯಲ್ಲಿ ನೂರಕ್ಕೆ ಹದಿನೆಂಟಕ್ಕೂ ಕಡಿಮೆ.

ಅವರು ಇಂಗ್ಲಿಷರನ್ನು ಈಗಲೂ ‘ಸಾಯ್ಸನ್’ ಎಂದು ಕರೆಯುತ್ತಾರೆ. ಐದನೆಯ ಶತಮಾನದಲ್ಲಿ ದೋಣಿಯಿಂದಿಳಿದ ಸ್ಯಾಕ್ಸನ್ನರ ಹೆಸರು. ನಡುವೆ ನಾರ್ಮನರು ಬಂದುದೂ ಸಾಮ್ರಾಜ್ಯ ಎದ್ದುದೂ ಬಿದ್ದುದೂ ಅವರ ಲೆಕ್ಕಕ್ಕಿಲ್ಲ. ಅಕ್ರೋಟಿಗೆ ಅವರಲ್ಲಿ ಏನು ಹೆಸರೆಂಬ ಕುತೂಹಲ ನನಗಿತ್ತು. ತಮ್ಮನ್ನೇ ಪರಕೀಯರೆನ್ನುವ ಮಾತಿನಿಂದ ಅವರು ಕಾಯಿಯನ್ನು ಕರೆಯುವಂತಿಲ್ಲವಷ್ಟೆ. ನಿಘಂಟನ್ನು ತೆರೆದು ನೋಡಿದೆನು. ‘ಕ್ನೈಎನ್ ಫ್ರೆಂಗಿಗ್’ ಎಂದಿದೆ. ಮೊದಲನೆಯದಕ್ಕೆ ಕಾಯಿ ಎಂದರ್ಥ. ಎರಡನೆಯದು ಫ್ರೆಂಚರದು, ಫ್ರಾಂಕರದು. ಪರಂಗಿಕಾಯಿ!